ಗಾಲ್ಫ್ ಗುಡ್ಡದ ದೊಡ್ಡೀರ

ಒಂದೂರಲ್ಲಿ ಸಣ್ಣಮ್ಮ ಅಂತ ಒಬ್ಬ ತಾಯಿ, ಅವಳಿಗೆ ದೊಡ್ಡೀರ ಅಂತ ಒಬ್ಬ ಮಗ. ಮಗನಿಗೆ ಮೀಸೆ ಬಂದು ಹತ್ತು ವರ್ಷವಾಗಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಊರ ಪಕ್ಕದ ಗುಡ್ಡದಲ್ಲಿ ಸಾಹೇಬರು ಗಾಲ್ಫ್ ಆಡುವ ಮೈದಾನ. ಅಲ್ಲಿ ಮೂವತ್ತು ವರ್ಷ ಹುಲ್ಲು ಕತ್ತರಿಸಿ ಸಣ್ಣಮ್ಮನ ಮಂಡಿ ಸವೆದುಹೋಗಿತ್ತು. ಇನ್ನು ಮಗ ದುಡಿದರೇ ಒಲೆ ಉರಿಯಬೇಕು. ಪೊನ್ನಪ್ಪ ಸಾಹೇಬರ ಕಾಲು ಹಿಡಿದು, ಅವರ ಕೋಲಿನ ಚೀಲ ಹೊರುವ ಕೆಲಸ ಕೊಡಿಸಿದಳು. ನಾಲ್ಕು ದಿನ ನೋಡುತ್ತೇನೆ, ಸರಿ ಕಂಡರೆ ಖಾಯಂ ಅಂದರು ಸಾಹೇಬರು. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡು ಅಂದಳು ತಾಯಿ. ಅಲ್ಲೇ ಕೆಟ್ಟಿತು ನೋಡಿ.

ಮೊದಲ ದಿನ ಚೆಂಡು ಇಳಿಜಾರಿನಲ್ಲಿ ನಿಂತಿತು. ಸಾಹೇಬರ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಅಯ್ಯೋ ಪಾಪ ಅಂತ ದೊಡ್ಡೀರ ಚೆಂಡೆತ್ತಿ ಸಮನೆಲದಲ್ಲಿಟ್ಟ. ಎದುರಾಳಿಗಳು ಮೋಸ ಮೋಸ ಅಂತ ಕೂಗಾಡಿದರು.

"ಬಿದ್ದದ್ದು ಬಿದ್ದಲ್ಲೇ ಇರ್ಬೇಕು ಕಣೋ, ಮುಟ್ಟಬಾರ್ದು," ಅಂತ ಬೈದರು ಸಾಹೇಬರು.

"ಆಗಲಿ ಸಾಮಿ."

ಮಾರನೆಯ ದಿನ ಅದೇ ಇಳಿಜಾರಿನಲ್ಲಿ ಕೋಲು ಬೀಸಿದ ರಭಸಕ್ಕೆ ಸಾಹೇಬರೇ ಉರುಳಿ ಬಿದ್ದರು. ಕೈ ಚಾಚಿದರು. ದೊಡ್ಡೀರ ಕೈಕಟ್ಟಿ ನಿಂತ. ಎತ್ತಲು ಬಂದವರನ್ನೂ ತಡೆದು, ಬಿದ್ದಲ್ಲೇ ಇರಬೇಕು, ಮುಟ್ಟಬಾರದು ಅಂದ. ಸಾಹೇಬರು ತೆವಳಿಕೊಂಡು ತಾವೇ ಎದ್ದರು.

"ಇಳಿಜಾರಲ್ಲಿ ಜಾರೋದು ಕಂಡ್ರೆ ಗಬಕ್ಕನೆ ಹಿಡ್ಕೋಬೇಕು ಕಣೋ ಪೆದ್ದ!"

"ಆಗಲಿ ಸಾಮಿ."

ಸಂಜೆ ಸುದ್ದಿ ಕೇಳಿ ಸಣ್ಣಮ್ಮ ಹಣೆ ಹಣೆ ಬಡಿದುಕೊಂಡಳು. ಮಗ ನೆಮ್ಮದಿಯಾಗಿ ಎರಡು ಮುದ್ದೆ ಉಂಡ.

ಮೂರನೆಯ ದಿನ ಪಂದ್ಯ. ಸಾಹೇಬರು ಮೇಲಿನಿಂದ ಮೆಲ್ಲಗೆ ತಟ್ಟಿದ ಚೆಂಡು ಇಳಿಜಾರು ಹಿಡಿದು, ಉರುಳಿ ಉರುಳಿ, ಬಾವುಟ ನೆಟ್ಟ ಗುಂಡಿಯ ಬಾಯಿಗೇ ಬಂತು. ಇನ್ನೊಂದು ಗೇಣು ಹೋದರೆ ಗೆಲುವು. ದೊಡ್ಡೀರ ಹಾರಿ ಗಬಕ್ಕನೆ ಹಿಡಿದ. ಜಾರಿಹೋಗುತ್ತಿತ್ತು, ಬಿಡುತ್ತೀನಾ ಅಂತ ಹಲ್ಲು ಕಿರಿದ.

"ಉರುಳೋದಕ್ಕೆ ದಾರಿ ಬಿಡ್ಬೇಕು ಕಣೋ! ಬಾವುಟ ಕಿತ್ಕೊಂಡು ಪಕ್ಕಕ್ಕೆ ನಿಂತ್ಕೋ. ಗುಂಡಿ ಸೇರೋವರೆಗೂ ಯಾರನ್ನೂ ಅಡ್ಡ ಬಿಡ್ಬೇಡ!"

"ಆಗಲಿ ಸಾಮಿ."

ನಾಲ್ಕನೆಯ ದಿನ ಸಣ್ಣಮ್ಮ ಮಂಡಿ ಹಿಡಿದುಕೊಂಡು ತಾನೇ ಗುಡ್ಡ ಹತ್ತಿ ಬಂದಳು. ನನ್ನ ಕೂಸು ಪೆದ್ದ, ಕೆಟ್ಟವನಲ್ಲ ಅಂತ ಅತ್ತಳು. ಸಾಹೇಬರ ಮನಸ್ಸು ಕರಗಿತು. ಇನ್ನು ನಡೆಯಲಾರದವಳನ್ನು ತಮ್ಮ ಜೀಪಿನಲ್ಲಿ ಕೂರಿಸಿ, ನೀನು ಖಾಯಂ ಕಣೋ ಅನ್ನಲು ದೊಡ್ಡೀರನ ಕಡೆ ತಿರುಗಿದರು. ಅಷ್ಟರಲ್ಲಿ ಬ್ರೇಕು ಬಿಟ್ಟು, ಜೀಪು ಮೆಲ್ಲಗೆ ಇಳಿಜಾರು ಹಿಡಿಯಿತು.

"ಹಿಡ್ಕೊಳ್ಳೋ ಮಗ!" ಅಂತ ಒಳಗಿಂದ ತಾಯಿ ಕಿರುಚಿದಳು.

ದೊಡ್ಡೀರ ಬಾವುಟ ಕಿತ್ತುಕೊಂಡು ಪಕ್ಕಕ್ಕೆ ನಿಂತ. ಜೀಪು ತಡೆಯಲು ಓಡಿದ ಸಾಹೇಬರನ್ನು ಗಟ್ಟಿಯಾಗಿ ತಬ್ಬಿ ಹಿಡಿದ. ಜೀಪು ಉರುಳಿ ಉರುಳಿ, ಕೆಳಗಿನ ಮರಳುಗುಂಡಿಯಲ್ಲಿ ಮೂಗೂರಿ ನಿಂತಿತು. ತಲೆತುಂಬ ಮರಳು ಮೆತ್ತಿಕೊಂಡು ಸಣ್ಣಮ್ಮ ಹೊರಗೆ ಇಣುಕಿದರೆ, ಮಗ ಬಾವುಟ ಬೀಸುತ್ತಾ ಓಡಿಬರುತ್ತಿದ್ದ.

"ಒಂದೇ ಏಟಿಗೆ ಗುಂಡಿ ಸೇರ್ಬಿಟ್ಟೆ ಕಣವ್ವ!"