ನಡೆಮಡಿ ಬಯಲು

ಮಸಬಿನಹಾಳದಿಂದ ಕಾಲುವೆಗೆ ಹೋಗುವ ದಾರಿಯಲ್ಲಿ, ಊರು ಮುಗಿದೊಡನೆ ಎಡಕ್ಕೆ ಒಂದು ಉದ್ದನೆಯ ಬಯಲು ಕಾಣುತ್ತದೆ. ಊರಿನ ಕಡೆಗಿರುವ ಪಡುವಣ ಭಾಗ ಗಟ್ಟಿಯಾದ ಕೆಂಪು ಮಸಬು ನೆಲ. ಮೂಡಣ ಭಾಗ ಕಪ್ಪು ಎರೆ, ಮಳೆ ಬಿದ್ದರೆ ಬೆಣ್ಣೆ. ಕೆಂಪಿನಲ್ಲಿ ಕುರಿ ಮೇಯುತ್ತವೆ, ಕಪ್ಪಿನಲ್ಲಿ ಜೋಳ ನಿಲ್ಲುತ್ತದೆ. ಇದರ ಹೆಸರು ನಡೆಮಡಿ ಬಯಲು. ಗೌರವದ ಅತಿಥಿಯ ಕಾಲು ಬರಿ ನೆಲಕ್ಕೆ ತಾಗದಂತೆ ಮಡಿವಾಳರು ಒಗೆದ ಬಿಳಿ ಬಟ್ಟೆ ಹಾಸುವುದೇ ನಡೆಮಡಿ. ಆದ್ದರಿಂದ ಹೊಸಬರು ಇಲ್ಲಿ ಯಾವುದೋ ದೇವರು ನಡೆದು ಬಂದಿರಬೇಕೆಂದು ಗುಡಿ ಹುಡುಕುತ್ತಾರೆ. ಗುಡಿಯಿಲ್ಲ. ಇಲ್ಲಿಗೆ ಬಂದದ್ದು ದೇವರಲ್ಲ ಎನ್ನುತ್ತಾರೆ ಹಿರಿಯರು.

ಹಿಂದೆ ಒಮ್ಮೆ, ಕಾಲುವೆಯ ನೀರು ಹೊಸದಾಗಿ ಹರಿದು ಸೀಮೆಯೆಲ್ಲ ಹತ್ತಿಯಾಗಿದ್ದ ಕಾಲದಲ್ಲಿ, ಕಾಯಿಗೆ ಹುಳು ಬಿದ್ದಿತು. ಮೇಲಿನಿಂದ ಔಷಧಿ ಹೊಡೆಯಲು ಒಂದು ಸಣ್ಣ ವಿಮಾನ ಬರುವುದೆಂದು ಸುದ್ದಿಯಾಯಿತು. ಅದರ ಕಡೆಯವನೊಬ್ಬ ಮುಂಚಿತವಾಗಿ ಬಂದು ಮಸಬು ನೆಲವನ್ನು ಸಮ ಮಾಡಿಸಿ, ಎರೆ ಮುಟ್ಟುವ ಗಡಿಯಲ್ಲಿ ಅಡ್ಡಲಾಗಿ ಸುಣ್ಣ ಸುರಿಸಿ, “ಈ ಬಿಳುಪು ನೋಡೇ ವಿಮಾನ ಇಳಿಯೂದು” ಎಂದು ಹೇಳಿ ಹೋದನು. ಸುಣ್ಣದ ಬುಟ್ಟಿ ಹೊತ್ತವರಲ್ಲಿ ಮಡಿವಾಳರ ಹುಲಿಗೆವ್ವನೂ ಇದ್ದಳು. ವಿಮಾನ ಬರುವ ಹಿಂದಿನ ರಾತ್ರಿ ಮಳೆ ಸುರಿದು ಆ ಸುಣ್ಣವನ್ನೆಲ್ಲ ತೊಳೆದುಬಿಟ್ಟಿತು. ಅದನ್ನು ಯಾರೂ ಗಮನಿಸಲಿಲ್ಲ. ಊರಿನ ಚಿಂತೆಯೇ ಬೇರೆಯಾಗಿತ್ತು.

“ಆಕಾಶದಿಂದ ಬರೋ ಮನಿಷ್ಯಾ ಬರಿ ನೆಲಕ್ಕ ಇಳೀಬೇಕೇನು? ನಮ್ಮೂರ ಮರ್ಯಾದಿ ಏನಾತು?” ಎಂದರು ಅಮರೇಗೌಡರು. ಊರ ಗೌಡರ ಮಾತಿಗೆ ಎದುರಿಲ್ಲ. ಮನೆಮನೆಯ ಧೋತರಗಳು ಹುಲಿಗೆವ್ವನ ಕೈಗೆ ಬಂದವು. ಅವಳು ಅವನ್ನು ಸೆರಗಿಗೆ ಸೆರಗು ಗಂಟು ಹಾಕಿ ಉದ್ದ ಮಾಡಿದಳು. ಅತಿಥಿಯನ್ನು ಹೊಸ್ತಿಲೊಳಗೆ ನಿಂತು ಬರಮಾಡಿಕೊಳ್ಳಬಾರದು, ಎಲ್ಲೆ ದಾಟಿ ಹೋಗಿ ಕರೆತರಬೇಕು ಎಂಬುದು ಈ ಊರಿನ ಪದ್ಧತಿ. ಅದರಂತೆ ನಡೆಮಡಿ ಕೆಂಪು ನೆಲದಿಂದ ಮೊದಲಾಗದೆ, ಅದರಾಚೆಯ ಎರೆಯ ನಡುವಿನಿಂದ ಮೊದಲಾಯಿತು. ಬಿಸಿಲಿಗೆ ಎರೆಯ ಮೈ ಒಣಗಿದಂತೆ ಕಾಣುತ್ತಿತ್ತು. ಎರೆಯೊಳಗಿನ ಆ ತುದಿಗೆ ಧೋತರ ಹಾಸುವಾಗ ಹುಲಿಗೆವ್ವನ ಕಾಲು ಕಣಕಾಲಿನವರೆಗೆ ಹೂತುಹೋಯಿತು.

“ಗೌಡ್ರ, ಕೆಳಗ ಹಸಿ ಐತ್ರಿ. ನನ್ನ ಕಾಲೇ ಇಳೀತು.”

“ಅದು ಗಾಳಿಯಾಗ ಬರೂದು. ನಿನ್ನಂಗ ಕೆಸರು ತುಳಕೊಂತ ಬರ್ತೈತೇನು? ಸುಮ್ಮನ ಹಾಸು.” ನೆರೆದವರೆಲ್ಲ ನಕ್ಕರು.

ಅಷ್ಟರಲ್ಲಿ ಮೂಡಲಿಂದ ಮೊರೆತ ಕೇಳಿಸಿತು. ಹಳದಿ ಬಣ್ಣದ ವಿಮಾನ ಊರ ಮೇಲೆ ಒಂದು ಸುತ್ತು ಹಾಕಿ, ದೂರ ಹೋಗಿ, ತಿರುಗಿ ಕೆಳಗಿಳಿಯತೊಡಗಿತು. ಹುಲಿಗೆವ್ವ ಅದರ ಮೂತಿಯನ್ನೇ ನೋಡುತ್ತಿದ್ದಳು. ಅದು ಕೆಂಪು ನೆಲದ ಕಡೆಗಲ್ಲ, ಅವಳು ಹಾಸಿದ ಬಟ್ಟೆಯ ತುದಿಗೆ ನೆಟ್ಟಗೆ ಗುರಿಯಿಟ್ಟಂತೆ ಬರುತ್ತಿತ್ತು. ಸುಣ್ಣದವನ ಮಾತು ಅವಳ ಎದೆಗೆ ತಾಗಿತು. ಗಡಿಯಲ್ಲಿ ಬಿಳುಪಿಲ್ಲ, ಬಯಲಿನಲ್ಲಿರುವ ಬಿಳುಪೆಂದರೆ ತನ್ನ ಬಟ್ಟೆಯೊಂದೇ.

ಹಾಸಿದ ನಡೆಮಡಿಯನ್ನು ಅತಿಥಿ ತುಳಿಯುವ ಮೊದಲು ಎಳೆಯುವುದು ಅವನ ಹೆಣಕ್ಕೆ ದಾರಿ ಮಾಡಿದಂತೆ ಎನ್ನುತ್ತಾರೆ. ಎಳೆದ ಮನೆತನಕ್ಕೆ ಮುಂದೆ ಹಾಸುವ ಹಕ್ಕು ಉಳಿಯುವುದಿಲ್ಲ. ಹುಲಿಗೆವ್ವನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಅವಳು ಮಸಬಿನ ಅಂಚಿಗೆ ಓಡಿ, ಬಟ್ಟೆ ಹಿಡಿದು ಎಳೆದಳು. ಬಟ್ಟೆ ಬರಲಿಲ್ಲ. ಗಾಳಿಗೆ ಹಾರದಿರಲೆಂದು ಅಂಚಿಗೆ ತಾನೇ ಹೇರಿದ್ದ ಮಣ್ಣಿನ ಹೆಂಟೆಗಳು, ಅಡಿಯಲ್ಲಿ ಕಚ್ಚಿ ಹಿಡಿದ ಕೆಸರು. “ಏ ಹುಲಿಗಿ, ತಲಿ ಕೆಟ್ಟೈತೇನs!” ಎಂದು ಗೌಡರು ಕೂಗುತ್ತ ಬಂದರು. ಅವಳು ಬಟ್ಟೆಯನ್ನು ಹೆಗಲಿಗೆ ಸುತ್ತಿಕೊಂಡು, ನೇಗಿಲಿಗೆ ಹೂಡಿದ ಎತ್ತಿನಂತೆ ಊರಿನ ಕಡೆಗೆ ಬಾಗಿದಳು. ಒಂದು ಗಂಟು ಕಿತ್ತುಬಂದಿತು; ಅವಳು ಉಳಿದುದನ್ನು ಹಿಡಿದು ಮತ್ತೆ ಎಳೆದಳು. ಒಮ್ಮೆಗೇ ಬಿಳಿಯ ಉದ್ದವೆಲ್ಲ ಹಾವಿನಂತೆ ಹರಿದು ಕೆಂಪು ನೆಲಕ್ಕೆ ಬಂದುಬಿದ್ದಿತು.

ವಿಮಾನ ಆಗ ಆಳೆತ್ತರದಲ್ಲಿತ್ತು. ಮೊರೆತ ಏಕಾಏಕಿ ಏರಿತು, ಮೂತಿ ತುಸು ಮೇಲೆದ್ದಿತು. ಅದು ಎರೆಯನ್ನು ದಾಟಿತು, ಆದರೆ ಪೂರ್ತಿ ದಾಟಲಿಲ್ಲ. ಒಂದು ಗಾಲಿ ಗಡಿಯ ಕೆಸರನ್ನು ಕಚ್ಚಿತು. ವಿಮಾನ ಬುಗುರಿಯಂತೆ ತಿರುಗಿ, ಮಸಬಿನ ಮೇಲೆ ಮೂತಿಯೂರಿ ನಿಂತಿತು. ಮುಂದಿನ ಪಂಖ ಬಾಳೆಯೆಲೆಯಂತೆ ಮಡಿಚಿಕೊಂಡಿತು. ಬಿಸಿಲಿಗೆ ಆಗಲೇ ಒಣಗಿದ್ದ ನೆಲದ ಕೆಂಪು ಧೂಳೆದ್ದು ಎಲ್ಲವನ್ನೂ ಮುಚ್ಚಿತು.

ಧೂಳಿನೊಳಗಿಂದ ಚಾಲಕ ಹೊರಗೆ ಬಂದನು. ಹಣೆಯಿಂದ ರಕ್ತ ಇಳಿಯುತ್ತಿತ್ತು, ಕಾಲು ನೆಟ್ಟಗಿದ್ದವು. “ನೋಡ್ರಿ ಸಾಹೇಬ್ರ, ಈ ಹೆಂಗಸೇ ಅಪಶಕುನ ಮಾಡಿದ್ಲು” ಎಂದು ಗೌಡರು ಹುಲಿಗೆವ್ವನನ್ನು ಮುಂದಕ್ಕೆ ನೂಕಿದರು. ಚಾಲಕ ಬಟ್ಟೆ ಮೊದಲು ಇದ್ದ ಕಡೆಗೆ ನಡೆದು ಎರೆಯ ಮೇಲೆ ಕಾಲಿಟ್ಟನು. ಬೂಟು ಮುಳುಗಿತು. ಕಿತ್ತಾಗ ಬರಿಗಾಲು ಬಂದಿತು, ಬೂಟು ಅಲ್ಲೇ ಉಳಿಯಿತು. ಅವನು ಒಂಟಿ ಬೂಟಿನಲ್ಲಿ ಕುಂಟುತ್ತ ಮರಳಿ ಬಂದು, ಹುಲಿಗೆವ್ವನಿಗೆ, “ಇನ್ನೊಂದು ಸ್ವಲ್ಪ ಜಲ್ದಿ ಎಳೀಬೇಕಿತ್ತಮ್ಮಾ” ಎಂದನು. ಹಾಗೆಂದು ತಾನೇ ನಕ್ಕನು. ಅವಳಿಗೆ ಮಾತ್ರ ಅಳು ಬಂದಿತು. ಗೌಡರು ಕೆಸರಿನಲ್ಲಿದ್ದ ಬೂಟನ್ನು ಬಹಳ ಹೊತ್ತು ನೋಡಿದರು. ಬಳಿಕ ತಾವೇ ಇಳಿದು, ಧೋತರ ಕಪ್ಪಾದರೂ ಬಿಡದೆ, ಅದನ್ನು ಕಿತ್ತು ತಂದರಂತೆ.

ಹುಲಿಗೆವ್ವನ ಮನೆತನದ ಹಕ್ಕು ಹೋಗಲಿಲ್ಲ, ಬೆಳೆಯಿತು. ಇಂದಿಗೂ ಮಸಬಿನಹಾಳಕ್ಕೆ ಮಂತ್ರಿ ಬರಲಿ, ಮಠದ ಸ್ವಾಮಿಗಳು ಬರಲಿ, ಈ ಬಯಲಿನ ಅಂಚಿನಲ್ಲಿ ಕಾರು ನಿಲ್ಲಿಸಿ ಇಳಿಯಬೇಕು. ಆ ಮನೆಯ ಹೆಂಗಸೊಬ್ಬಳು ಬರಿಗಾಲಿನಲ್ಲಿ ಮುಂದೆ ನಡೆದು, ಹೆಜ್ಜೆಹೆಜ್ಜೆಗೂ ನೆಲವನ್ನು ಒತ್ತಿ ನೋಡುತ್ತ ಹೋಗುತ್ತಾಳೆ. ಬಟ್ಟೆ ಇನ್ನೂ ಸುರುಳಿಯಲ್ಲೇ ಇರುತ್ತದೆ. ಅವಳು ಹಿಂತಿರುಗಿ “ಹಾಸ್ರಿ” ಎನ್ನುವವರೆಗೆ, ಹೂವಿನ ಹಾರ ಹಿಡಿದ ಗೌಡರ ಮನೆಯವರೂ ಬಿಸಿಲಿನಲ್ಲಿ ಸುಮ್ಮನೆ ನಿಂತಿರುವುದನ್ನು ಬಂದವರು ನೋಡಬಹುದು.