ಇನ್ಸ್‌ಪೆಕ್ಟರ ಮೂಗು

ಮರದ ಸಾಮಾನಿಗೆ ಪಾಲಿಶ್ ಹಾಕುವ ದಸ್ತಗೀರ್ ಕಟಕಟೆಯಲ್ಲಿ ನಿಂತಿದ್ದ. ಕುಡಿದು ಸ್ಕೂಟರ್ ಓಡಿಸಿದನೆಂದು ಕೇಸು.

"ಊದಿಸುವ ಯಂತ್ರ ಕೆಟ್ಟಿತ್ತು ಸ್ವಾಮಿ. ನನ್ನ ಮೂಗು ಕೆಡೋದಿಲ್ಲ. ವಾಸನೆ ಬಂತೆಂದರೆ ಕುಡಿದಿದ್ದಾನೆ ಅಂತಲೇ," ಎಂದರು ಇನ್ಸ್‌ಪೆಕ್ಟರು.

ದಸ್ತಗೀರನ ವಕೀಲರ ಗುಮಾಸ್ತ ಬೋರಲಿಂಗನಿಗೆ ಆ ಮೂಗಿನ ಬಗ್ಗೆ ಭಾರೀ ಕುತೂಹಲ ಹುಟ್ಟಿತು. ವಕೀಲರಿಗೊಂದು ಚೀಟಿ ದಾಟಿಸಿದ.

ವಕೀಲರು ಅದನ್ನೋದಿ ಕೇಳಿದರು. "ಈಗ ಇಲ್ಲಿ ಆ ವಾಸನೆ ಇದೆಯೇ?"

ಇನ್ಸ್‌ಪೆಕ್ಟರ ಮೂಗು ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಕೊನೆಗೆ ನ್ಯಾಯಾಧೀಶರತ್ತ ತಿರುಗಿ ನಿಂತುಬಿಟ್ಟಿತು.

"ಇದೆ. ಅದೇ ವಾಸನೆ. ತಮ್ಮ ಕಡೆಯಿಂದಲೇ ಸ್ವಾಮಿ."

ಬೋರಲಿಂಗ ಎದ್ದು ಕೈಮುಗಿದ. "ತಮ್ಮ ಕುರ್ಚಿಗೆ ನಿನ್ನೆ ಸ್ಪಿರಿಟ್ ಪಾಲಿಶ್ ಹಾಕಿದವನು ಇದೇ ದಸ್ತಗೀರ್, ಸ್ವಾಮಿ. ಕೆಲಸದ ದಿನ ಅವನ ಅಂಗಿಯೂ ಹೀಗೇ ನಾರುತ್ತೆ."

ನ್ಯಾಯಾಧೀಶರು ಕುರ್ಚಿಯ ಕೈಯನ್ನು ಮೂಸಿ ನೋಡಿದರು.

"ಇನ್ಸ್‌ಪೆಕ್ಟರೇ, ಹಾಗಾದರೆ ಸಂಜೆ ನಾನು ಕಾರು ಓಡಿಸಬಹುದೋ, ಇಲ್ಲ ಮನೆಗೆ ನಡೆದೇ ಹೋಗಬೇಕೋ?"