ಒಂಟಿ ಬಕೆಟ್ಟು

ಒಂಬತ್ತು ಮಹಡಿಯ ಅಪಾರ್ಟ್‌ಮೆಂಟು. ಮುಂದಿನ ವರ್ಷದ ಯೋಜನೆಗೆಂದು ಡಿಸೆಂಬರ್ ಕೊನೆಗೆ ಸೇರಿದ ಸಂಘದ ಸಭೆಯಲ್ಲಿ ಅಧ್ಯಕ್ಷ ವಾಮನಮೂರ್ತಿಗಳು ಘೋಷಿಸಿದರು: "ಜನವರಿಯಿಂದ ಕೆಲಸದವರು ಯಾರೂ ಲಿಫ್ಟ್ ಹತ್ತುವಂತಿಲ್ಲ."

ಕಸ ಒಯ್ಯುವ ಹೊನ್ನಮ್ಮನಿಗೆ ಮಂಡಿನೋವು. ಆದರೂ "ಆಗಲಿ ಸಾರ್" ಎಂದಳು.

ಹೊಸ ವರ್ಷದ ಬೆಳಿಗ್ಗೆ ಅಧ್ಯಕ್ಷರು ರೇಷ್ಮೆ ಪಂಚೆ ಉಟ್ಟು ದೇವಸ್ಥಾನಕ್ಕೆ ಹೊರಟರು. ನಾಲ್ಕನೆಯ ಮಹಡಿಯ ತಮ್ಮ ಮನೆಯೆದುರು ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ತುಂಬಿದ ಕಸದ ಬಕೆಟ್ಟೊಂದೇ ಕೆಳಗೆ ಹೊರಟಿತ್ತು. ಮೇಲುಗಡೆ ಸೀಗಡಿ ಸಿಪ್ಪೆ.

"ಏನಮ್ಮಾ ಇದು!"

ಕಂಬಿ ಹಿಡಿದು ಮೆಟ್ಟಿಲಿಳಿಯುತ್ತಿದ್ದ ಹೊನ್ನಮ್ಮ ನಿಂತಳು. "ರೂಲ್ಸು ಕೆಲಸದವರಿಗಲ್ವಾ ಸಾರ್? ನಾನು ನಡೀತಿದೀನಿ. ಅದು ಬರೀ ಬಕೆಟ್ಟು."

ಅಧ್ಯಕ್ಷರು ಪಂಚೆ ಎತ್ತಿ ಹಿಡಿದು ಮೆಟ್ಟಿಲಿಳಿದರು.

ಸಂಜೆ ಲಿಫ್ಟಿನೊಳಗೆ ತಿದ್ದುಪಡಿ ಅಂಟಿತು: "ಕಸದ ಬಕೆಟ್ಟು ಒಂಟಿಯಾಗಿ ಪ್ರಯಾಣಿಸಕೂಡದು. ಜೊತೆಗೆ ಒಬ್ಬರು ಇರಲೇಬೇಕು."

ಮಾರನೆಯ ಬೆಳಿಗ್ಗೆ ಬಕೆಟ್ಟಿನ ಜೊತೆ ಲಿಫ್ಟಿನಲ್ಲಿ ಒಂಬತ್ತನೆಯ ಮಹಡಿಗೆ ಹೋಗುವಾಗ ಹೊನ್ನಮ್ಮ ಅದನ್ನು ನಿಧಾನವಾಗಿ, ಎರಡು ಸಲ ಓದಿಕೊಂಡಳು.